ಸ್ಟುಡಿಯೋ ನಿಮ್ಮದೇ, ಗಾಯಕರೂ ನಿಮ್ಮವರೇ: ಹಾಡಿನ ದುಡ್ಡು ಹಂಚುವುದು ಹೇಗೆ?

"ಹಾಡು ಮಾಡಿದ್ದು ನಾನೇ, ಖರ್ಚು ಹಾಕಿದ್ದೂ ನಾನೇ, ಕಾರ್ಯಕ್ರಮ ಹಿಡಿದು ಕೊಡುವುದೂ ನಾನೇ. ಗಾಯಕರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು?" ಮಂಗಳೂರು, ಉಡುಪಿ ಕಡೆಯ ಚಿಕ್ಕ ಸ್ಟುಡಿಯೋದವರು ಮತ್ತೆ ಮತ್ತೆ ಕೇಳುವುದು ಇದನ್ನೇ. ಗಾಯಕರು ಫೋನ್ ಮಾಡಿದರೆ ಅದೇ ಪ್ರಶ್ನೆ ತಿರುಗಿ ಬರುತ್ತದೆ: "ಮೂರು ಲಕ್ಷ ವ್ಯೂಸ್ ಆಗಿದೆ ಮಾರಾಯ್ರೆ, ನನಗೆ ಒಂದು ರೂಪಾಯಿ ಬಂದಿಲ್ಲ. ಅವರ ಹತ್ತಿರ ಕೇಳುವುದು ಹೇಗೆ?"

ತುಳು ಭಕ್ತಿಗೀತೆ ಇರಲಿ, ಕೊಂಕಣಿ ಆಲ್ಬಂ ಇರಲಿ, ಬ್ಯಾರಿ ಹಾಡಿರಲಿ, ಕನ್ನಡ ಭಾವಗೀತೆ ಇರಲಿ, ನಮ್ಮಲ್ಲಿ ಕೆಲಸ ಮಾಡುವವರು ಬೆರಳೆಣಿಕೆಯ ಜನ. ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುವವರೇ ಸ್ಟುಡಿಯೋ ಇಟ್ಟಿರುತ್ತಾರೆ, ಅವರದೇ ಯೂಟ್ಯೂಬ್ ಚಾನೆಲ್ ಇರುತ್ತದೆ, ದೇವಸ್ಥಾನದ ಬ್ರಹ್ಮಕಲಶ ಉತ್ಸವಕ್ಕೆ ರಸಮಂಜರಿ (ವಾದ್ಯವೃಂದದ ಹಾಡಿನ ಕಾರ್ಯಕ್ರಮ) ಬೇಕೆಂದು ಕಮಿಟಿಯವರು ಫೋನ್ ಮಾಡುವುದೂ ಅವರಿಗೇ. ನಾನು ನೋಡಿದ ಮಟ್ಟಿಗೆ ದೊಡ್ಡ ಮೋಸ ಮಾಡುವವರು ಕಡಿಮೆ. ಎಲ್ಲ ದುಡ್ಡೂ ಒಂದೇ ಖಾತೆಗೆ ಬೀಳುತ್ತದೆ, ಮನೆ ಕರೆಂಟ್ ಬಿಲ್ಲಿನ ಜೊತೆ ಬೆರೆಯುತ್ತದೆ, ವರ್ಷದ ಮೇಲೆ ಲೆಕ್ಕ ಹೇಳಲು ಯಾರಿಂದಲೂ ಆಗುವುದಿಲ್ಲ. ಮನಸ್ತಾಪ ಶುರುವಾಗುವುದು ಅಲ್ಲಿ. ಆದ್ದರಿಂದ ಈ ಲೇಖನದಲ್ಲಿ ಶೇಕಡಾವಾರು ಪಾಲಿಗಿಂತ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಹಾಡು ಬಿಡುಗಡೆ ಆಗುವ ಮೊದಲೇ ಇವಿಷ್ಟು ಹೊಂದಿಸಿಕೊಳ್ಳಿ. ಹಾಡಿದವರು, ಬರೆದವರು, ರಾಗ ಹಾಕಿದವರು, ವಾದ್ಯ ನುಡಿಸಿದವರು ಎಲ್ಲರ ಪ್ಯಾನ್, ಬ್ಯಾಂಕ್ ವಿವರ, ಪ್ಯಾನ್‌ನಲ್ಲಿ ಇರುವ ಹಾಗೆಯೇ ಹೆಸರು. ಹಾಡಿನ ವ್ಯವಹಾರಕ್ಕೆ ಮಾತ್ರ ಬಳಸುವ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ. ಒಂದು ಎಕ್ಸೆಲ್ ಶೀಟ್, ಅದಾಗದಿದ್ದರೆ ಉದ್ದದ ಲೆಕ್ಕದ ಪುಸ್ತಕ. ಬಿಲ್ಲುಗಳನ್ನು ಇಡಲು ಫೈಲ್.

ಪ್ರತ್ಯೇಕ ಖಾತೆಗೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ನಿಮ್ಮ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು ಅದರ ಯುಪಿಐಯನ್ನು ಹಾಡಿನ ಕೆಲಸಕ್ಕೆ ಮಾತ್ರ ಕೊಟ್ಟರೂ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಮೀನು ಮಾರ್ಕೆಟಿನಲ್ಲಿ ಸ್ಕ್ಯಾನ್ ಮಾಡಿದ್ದೂ ಗಾಯಕರಿಗೆ ಕಳಿಸಿದ್ದೂ ಒಂದೇ ಸ್ಟೇಟ್‌ಮೆಂಟಿನಲ್ಲಿ ಇದ್ದರೆ ಆಡಿಟರ್ ಕೂಡ ಕೈಚೆಲ್ಲುತ್ತಾರೆ.

1. ನೀವು ವಹಿಸಿದ ಪಾತ್ರಗಳನ್ನು ಎಣಿಸಿ

ನಿರ್ಮಾಪಕ ಎಂಬ ಒಂದು ಪದದೊಳಗೆ ನಮ್ಮಲ್ಲಿ ಮೂರು ಕೆಲಸ ಅಡಗಿದೆ. ಒಂದು, ಹಾಡಿನ ಟ್ರ್ಯಾಕ್ ಕಟ್ಟುವುದು: ಪ್ರೋಗ್ರಾಮಿಂಗ್, ರೆಕಾರ್ಡಿಂಗ್, ಮಿಕ್ಸಿಂಗ್. ಇದಕ್ಕೆ ಸಿಗುವುದು ಕೆಲಸದ ಕೂಲಿ. ಎರಡು, ದುಡ್ಡು ಹಾಕಿ, ಜವಾಬ್ದಾರಿ ಹೊತ್ತು ಧ್ವನಿಮುದ್ರಣ ಮಾಡಿಸುವುದು. ಕೃತಿಸ್ವಾಮ್ಯ ಕಾಯ್ದೆ ನಿರ್ಮಾಪಕ ಎನ್ನುವುದು ಇವರನ್ನೇ, ಇವರಿಗೆ ಸಿಗುವುದು ಧ್ವನಿಮುದ್ರಣದ ಆದಾಯ. ಮೂರು, ಗಾಯಕರಿಗೆ ಅವಕಾಶ ಹುಡುಕುವುದು, ಸಂಭಾವನೆ ಮಾತಾಡುವುದು, ತಾರೀಕು ನೋಡಿಕೊಳ್ಳುವುದು. ಅದು ಮ್ಯಾನೇಜರ್ ಕೆಲಸ, ಅದಕ್ಕೆ ಕಮಿಷನ್.

ಮೂರನ್ನೂ ಒಬ್ಬರೇ ಮಾಡಬಾರದು ಎಂದೇನಿಲ್ಲ. ಆದರೆ ಒಂದೇ ದುಡ್ಡಿನಿಂದ ಮೂರು ಸಲ ಮುರಿದುಕೊಳ್ಳಬಾರದು. ಧ್ವನಿಮುದ್ರಣದ ಆದಾಯವನ್ನು ಅರ್ಧರ್ಧ ಹಂಚಿಕೊಂಡ ಮೇಲೆ ಗಾಯಕರ ಅರ್ಧದಿಂದ ಮತ್ತೆ 15 ಪರ್ಸೆಂಟ್ ಮ್ಯಾನೇಜರ್ ಕಮಿಷನ್ ತೆಗೆಯುವವರಿದ್ದಾರೆ. ಕಮಿಷನ್ ಎಂಬುದು ಗಾಯಕರ ಪರವಾಗಿ ಇನ್ನೊಬ್ಬರ ಹತ್ತಿರ ಚೌಕಾಸಿ ಮಾಡಿದ್ದಕ್ಕೆ ಕೊಡುವ ದುಡ್ಡು. ಇಲ್ಲಿ ಆಚೆ ಬದಿಯಲ್ಲಿ ಕುಳಿತವರೂ ನೀವೇ. ನಿಮ್ಮ ಜೊತೆ ನೀವೇ ಚೌಕಾಸಿ ಮಾಡಿ ಅದರ ಬಿಲ್ಲನ್ನು ಗಾಯಕರಿಗೆ ಕಳಿಸಿದ ಹಾಗಾಯಿತು. "ನನ್ನ ಬ್ಯಾನರಿನ ಹಾಡುಗಳ ಆದಾಯದ ಮೇಲೆ ಕಮಿಷನ್ ಇಲ್ಲ" ಎಂದು ಕರಾರಿನಲ್ಲೇ ಬರೆದುಬಿಡಿ.

2. ಹಾಡಿನಲ್ಲಿ ಎರಡು ಆಸ್ತಿ ಉಂಟು, ತಿಳಿದಿರಲಿ

ಒಂದು ಹಾಡು ಎಂದರೆ ಕಾನೂನಿನ ಕಣ್ಣಿಗೆ ಒಂದೇ ವಸ್ತುವಲ್ಲ. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು ಕಡೆ, ಅದು ಬರೆದವರದು ಮತ್ತು ಸಂಯೋಜಕರದು. ಸ್ಟುಡಿಯೋದಲ್ಲಿ ತಯಾರಾದ ಧ್ವನಿಮುದ್ರಣ ಇನ್ನೊಂದು ಕಡೆ, ವ್ಯವಹಾರದ ಮಾತಿನಲ್ಲಿ ಇದಕ್ಕೆ ಮಾಸ್ಟರ್ ಎನ್ನುತ್ತಾರೆ, ಇದು ದುಡ್ಡು ಹಾಕಿದ ನಿರ್ಮಾಪಕರದು. ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಪ್ರಕಟಣೆಯ ನಂತರ 60 ವರ್ಷ. ಹಾಡಿದವರಿಗೂ ನುಡಿಸಿದವರಿಗೂ ಬೇರೆಯೇ ಒಂದು ಪ್ರದರ್ಶಕರ ಹಕ್ಕಿದೆ, ಅದು 50 ವರ್ಷ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯನ್ನು ನಮ್ಮ ಕಡೆ ಹೆಚ್ಚಿನವರು ಗಮನಿಸಿಲ್ಲ. "ಐದು ಸಾವಿರ ಕೊಟ್ಟಾಗಿದೆ, ಇನ್ನು ಸಾಹಿತಿಗೆ ಏನೂ ಇಲ್ಲ" ಎಂದು ಬರೆಸಿಕೊಂಡರೂ ಆ ಮಾತು ಪೂರ್ತಿ ನಿಲ್ಲುವುದಿಲ್ಲ. ಧ್ವನಿಮುದ್ರಣದಲ್ಲಿ ಬಳಕೆಯಾದ ಸಾಹಿತ್ಯ, ಸಂಗೀತದ ಕರ್ತೃಗಳು ಹಕ್ಕನ್ನು ಬರೆದುಕೊಟ್ಟ ಮೇಲೂ ಅದರ ಬಳಕೆಯ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವಂತಿಲ್ಲ. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಒಪ್ಪಿಸಬಹುದು. ರಾಯಧನ ಎಂದರೆ ಕೃತಿ ಬಳಕೆಯಾದಾಗಲೆಲ್ಲ ಬರುವ ಪಾಲು, ರಾಯಲ್ಟಿ.

ಎಡವುವ ಜಾಗ: ಪುರಂದರದಾಸರ, ಕನಕದಾಸರ, ವಾದಿರಾಜರ ಪದಗಳಿಗೆ ಕೃತಿಸ್ವಾಮ್ಯ ಇಲ್ಲ, ಹಾಡಬಹುದು. ಆದರೆ ಅದೇ ಪದಕ್ಕೆ ಇತ್ತೀಚೆಗೆ ಯಾರೋ ಹಾಕಿದ ಹೊಸ ರಾಗ ಅವರದು. ತುಳು ಜನಪದ ಕಥನಗೀತೆಯಾದ ಪಾಡ್ದನಕ್ಕೂ ಹಾಗೆಯೇ: ಪದ ಊರಿನದು, ಯಾರೋ ಮಾಡಿಟ್ಟ ರೆಕಾರ್ಡಿಂಗ್ ಊರಿನದಲ್ಲ. ಸಿನಿಮಾ ಹಾಡಿನ ಕರೋಕೆಗೆ ನಿಮ್ಮ ಗಾಯಕಿ ಹಾಡಿದ ಕವರ್‌ನಿಂದ ಬರುವ ಜಾಹೀರಾತಿನ ದುಡ್ಡು ಹೆಚ್ಚಾಗಿ ಮೂಲ ಕಂಪನಿಗೇ ಹೋಗುತ್ತದೆ. ಅದನ್ನು ಹಂಚುವ ಮಾತು ಕೊಡಬೇಡಿ.

3. ಒಂದು ಪುಟವಾದರೂ ಸರಿ, ಬರೆಯಿರಿ

ಹಕ್ಕು ಕೈಬದಲಾಗಬೇಕಾದರೆ ಬರಹದಲ್ಲಿ ಇರಬೇಕು, ಕೊಡುವವರ ಸಹಿ ಇರಬೇಕು. ಇದು ಕಾಯ್ದೆಯ ಮಾತು. ವಾಟ್ಸ್ಯಾಪಿನ ಹೆಬ್ಬೆರಳು ಚಿಹ್ನೆಯನ್ನು ನಂಬಿ ಕೂರಬೇಡಿ. ಇ-ಸ್ಟಾಂಪ್ ಮಾಡಿಸಿ, ಕನ್ನಡದಲ್ಲೇ ಬರೆಸಿ. ಇಂಗ್ಲಿಷ್ ಕರಾರಿಗೆ ತಲೆಯಾಡಿಸಿ ಸಹಿ ಹಾಕಿದ ಗಾಯಕರು ನಾಳೆ "ನನಗೆ ಅರ್ಥ ಆಗಿರಲಿಲ್ಲ" ಎಂದರೆ ನೀವು ಅವರ ತಪ್ಪು ಹಿಡಿಯುವಂತಿಲ್ಲ.

ಕರಾರಿನಲ್ಲಿ ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷಕ್ಕೆ, ಯಾವ ಯಾವ ದೇಶಗಳಿಗೆ, ಪಾಲು ಎಷ್ಟು ಎಂಬುದು ಇರಲೇಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಕಾಯ್ದೆ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಮ್ಮ ಕರಾವಳಿಯವರಿಗೆ ಇದು ದೊಡ್ಡ ಗುಂಡಿ. ನಮ್ಮ ತುಳು, ಕೊಂಕಣಿ, ಬ್ಯಾರಿ ಹಾಡು ಕೇಳುವವರಲ್ಲಿ ದುಬೈ, ಬಹ್ರೇನ್, ಕುವೈತ್‌ನಲ್ಲಿ ಇರುವವರು ಎಷ್ಟು ಮಂದಿ! ಸಾಹಿತಿ "ಭಾರತಕ್ಕೆ ಮಾತ್ರ ಕೊಟ್ಟದ್ದು" ಎಂದರೆ ಗಲ್ಫಿನ ಆದಾಯ ಯಾರದೆಂದು ಹೇಳುತ್ತೀರಿ? "ಜಗತ್ತಿನಾದ್ಯಂತ" ಎಂಬ ಒಂದು ಪದ ಸೇರಿಸಿ. ಮತ್ತೊಂದು: ಹಕ್ಕು ಪಡೆದು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಹೇಳಿರದ ಹೊರತು, ಆ ಹಕ್ಕು ಬಿದ್ದುಹೋಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಮಲಗಿಸಿಟ್ಟ ಹಾಡುಗಳನ್ನು ಒಮ್ಮೆ ನೋಡಿಕೊಳ್ಳಿ.

ಗಾಯಕರಿಗೆ 18 ತುಂಬಿರದಿದ್ದರೆ ಅವರ ಸಹಿಗೆ ಬೆಲೆ ಇಲ್ಲ. ತಂದೆ ಅಥವಾ ತಾಯಿ ಪಾಲಕರಾಗಿ ಸಹಿ ಹಾಕಬೇಕು, ದುಡ್ಡು ಮಗುವಿನ ಹೆಸರಿನ ಖಾತೆಗೇ ಹೋದರೆ ಒಳ್ಳೆಯದು. ಶಾಲೆಯ ಮಕ್ಕಳ ಹಾಡು ಓಡಿದಷ್ಟು ದೊಡ್ಡವರ ಹಾಡು ಓಡುವುದಿಲ್ಲ, ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

4. ಸ್ಟೇಜಿನ ದುಡ್ಡು: ಕಮಿಷನ್ ಯಾವುದರ ಮೇಲೆ?

ಹದಿನೈದು ಪರ್ಸೆಂಟ್ ಎಂದು ಇಬ್ಬರೂ ಒಪ್ಪಿರುತ್ತಾರೆ. ಯಾವ ಮೊತ್ತದ ಹದಿನೈದು ಎಂದು ಇಬ್ಬರೂ ಕೇಳಿರುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ.

ಕಾಪು ಕಡೆಯ ಒಂದು ಬ್ರಹ್ಮಕಲಶೋತ್ಸವಕ್ಕೆ ರಸಮಂಜರಿ, ಕಮಿಟಿ ಒಪ್ಪಿದ್ದು 75,000. ಸೌಂಡ್, ಲೈಟ್ ಅವರದೇ. ಕೀಬೋರ್ಡಿಗೆ 6,000, ರಿದಮ್ ಪ್ಯಾಡಿಗೆ 6,000, ತಬಲಕ್ಕೆ 5,000, ಗಿಟಾರಿಗೆ 5,000, ಜೊತೆ ಗಾಯಕರಿಗೆ 4,000, ಟೆಂಪೋ ಬಾಡಿಗೆ 5,000. ಒಟ್ಟು 31,000 ಹೋಯಿತು, ಉಳಿದದ್ದು 44,000. ಪೂರ್ತಿ 75,000ದ ಮೇಲೆ ಕಮಿಷನ್ ಹಿಡಿದರೆ ಮ್ಯಾನೇಜರಿಗೆ 11,250, ಮುಖ್ಯ ಗಾಯಕರಿಗೆ 32,750. ಉಳಿದ ದುಡ್ಡಿನ ಮೇಲೆ ಹಿಡಿದರೆ ಮ್ಯಾನೇಜರಿಗೆ 6,600, ಗಾಯಕರಿಗೆ 37,400. ಒಂದು ರಾತ್ರಿಗೆ 4,650 ವ್ಯತ್ಯಾಸ. ಸೀಸನ್ನಿನಲ್ಲಿ ಮೂವತ್ತು ಕಾರ್ಯಕ್ರಮ ಇದ್ದರೆ ಎಷ್ಟಾಯಿತು ಎಂದು ನೀವೇ ಗುಣಿಸಿ.

ಯಾವುದು ಸರಿ? ಖರ್ಚು ಕಳೆದ ಮೇಲಿನ ಮೊತ್ತದ ಮೇಲೆ ಹಿಡಿಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ತಬಲದವರ ಕೂಲಿಯ ಮೇಲೆ ಮ್ಯಾನೇಜರಿಗೆ ಯಾಕೆ ಕಮಿಷನ್? ಆದರೆ ಮಾತುಕತೆಯಲ್ಲಿ ಒಪ್ಪಿದ್ದು ಯಾವುದೇ ಇರಲಿ, "ಒಟ್ಟು ಮೊತ್ತ" ಅಥವಾ "ಖರ್ಚು ಕಳೆದ ಮೊತ್ತ" ಎಂಬ ಎರಡು ಪದಗಳಲ್ಲಿ ಒಂದು ಕರಾರಿನಲ್ಲಿ ಕಾಣಬೇಕು. ಅಡ್ವಾನ್ಸಿನ ಬಗ್ಗೆಯೂ ಬರೆಯಿರಿ: ಕಮಿಟಿ ಕೊಟ್ಟ 15,000 ಅಡ್ವಾನ್ಸು ಕಾರ್ಯಕ್ರಮ ಮಳೆಗೆ ನಿಂತರೆ ಯಾರದು? ಆ ದಿನಕ್ಕೆ ಬೇರೆ ಕಾರ್ಯಕ್ರಮ ಬಿಟ್ಟವರು ಗಾಯಕರು ಮತ್ತು ವಾದ್ಯದವರು. ಅವರಿಗೆ ಅದರಲ್ಲಿ ಪಾಲು ಇರಲೇಬೇಕು.

ಎಡವುವ ಜಾಗ: ಕಮಿಟಿಯವರು ರಾತ್ರಿ ಒಂದು ಗಂಟೆಗೆ ಸ್ಟೇಜಿನ ಹಿಂದೆ ಕವರಿನಲ್ಲಿ ನೋಟು ಕೊಡುತ್ತಾರೆ. ಅಲ್ಲೇ, ಟೆಂಪೋ ಹತ್ತುವ ಮೊದಲು, ಎಲ್ಲರೆದುರು ಎಣಿಸಿ. ವೋಚರಿನಲ್ಲಿ ಪ್ರತಿಯೊಬ್ಬರ ಸಹಿ ಹಾಕಿಸಿ ಅಥವಾ ಮರುದಿನ ಖಾತೆಗೆ ಹಾಕಿ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದನ್ನು ನಿಮ್ಮ ವ್ಯವಹಾರದ ಖರ್ಚು ಎಂದು ಆದಾಯ ತೆರಿಗೆಯವರು ಒಪ್ಪುವುದಿಲ್ಲ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಂತೂ ಕಾನೂನಿಗೇ ವಿರುದ್ಧ.

5. ಹಾಡಿಗೆ ಹಾಕಿದ ಖರ್ಚಿನ ವಸೂಲಿ

ಹಾಡಿನ ಆದಾಯದಿಂದ ಮೊದಲು ಖರ್ಚನ್ನು ಹಿಂತೆಗೆದುಕೊಂಡು ಆಮೇಲೆ ಪಾಲು ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಆದರೆ ಖರ್ಚು ಮುರಿದುಕೊಳ್ಳುವ ದಾರಿ ಎರಡು. ಎರಡೂ ನೋಡಲು ಒಂದೇ ಥರ, ಪರಿಣಾಮದಲ್ಲಿ ಮಾತ್ರ ಅಜಗಜಾಂತರ.

ಟ್ರ್ಯಾಕ್ ಮತ್ತು ರೆಕಾರ್ಡಿಂಗ್ 20,000, ಕೊಳಲು ಮತ್ತು ವಯಲಿನ್ 7,000, ಮಿಕ್ಸಿಂಗ್ ಮಾಸ್ಟರಿಂಗ್ 8,000, ವಿಡಿಯೋ ಶೂಟಿಂಗ್ 25,000. ಒಟ್ಟು ಖರ್ಚು 60,000 ಎಂದಿಟ್ಟುಕೊಳ್ಳಿ. ಪಾಲು ಅರ್ಧರ್ಧ. ಎರಡು ವರ್ಷದಲ್ಲಿ ಬಂದ ಆದಾಯ 80,000.

ಮೊದಲ ದಾರಿಯಲ್ಲಿ ಒಟ್ಟು ಆದಾಯದಿಂದ ಖರ್ಚು ಕಳೆಯುತ್ತೀರಿ. 20,000 ಉಳಿಯಿತು, ಇಬ್ಬರಿಗೂ ಹತ್ತು ಹತ್ತು ಸಾವಿರ. ಎರಡನೆಯ ದಾರಿಯಲ್ಲಿ ಮೊದಲು ಅರ್ಧ ಮಾಡುತ್ತೀರಿ, ತಲಾ 40,000. ಆಮೇಲೆ 60,000 ಖರ್ಚನ್ನು ಗಾಯಕರ 40,000ದಿಂದ ಮಾತ್ರ ಮುರಿಯುತ್ತೀರಿ. ಗಾಯಕರಿಗೆ ಸೊನ್ನೆ, ಮೇಲಿಂದ 20,000 ಬಾಕಿ ಎಂದು ತೋರಿಸುತ್ತದೆ. ನಿಮ್ಮ ಕೈಯಲ್ಲಿ ಪೂರ್ತಿ 80,000, ಹಾಕಿದ್ದು 60,000. ಅಂದರೆ ನೀವು ಲಾಭದಲ್ಲಿ ಇರುವಾಗಲೇ ಗಾಯಕರು ಸಾಲದಲ್ಲಿ ಇದ್ದಾರೆ. ದೊಡ್ಡ ಕಂಪನಿಗಳ ಕರಾರಿನ ನಮೂನೆಯನ್ನು ಇಂಟರ್ನೆಟ್ಟಿನಿಂದ ತೆಗೆದು ಹೆಸರು ಬದಲಿಸಿದವರು ತಮಗೇ ಗೊತ್ತಿಲ್ಲದೆ ಈ ಎರಡನೆಯದಕ್ಕೆ ಸಹಿ ಹಾಕಿಸಿರುತ್ತಾರೆ. ಬೆಂಗಳೂರು, ಮುಂಬಯಿಯ ಕಂಪನಿ ದೊಡ್ಡ ಅಡ್ವಾನ್ಸು ಕೊಟ್ಟು ಹೀಗೆ ಮಾಡುತ್ತದೆ. ಅಡ್ವಾನ್ಸೇ ಕೊಡದ ನಾವು ಹೀಗೆ ಮಾಡಿದರೆ ಸರಿಯಾಗುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ ಉಂಟು. ಆ 20,000 ಸ್ಟುಡಿಯೋ ಚಾರ್ಜು ನಿಮ್ಮದೇ ಸ್ಟುಡಿಯೋಗೆ ಹೋದದ್ದಾದರೆ ಅದು ಕೈಬಿಟ್ಟ ದುಡ್ಡಲ್ಲ. ಅದನ್ನು ಮಾರುಕಟ್ಟೆ ದರದಲ್ಲಿ ಖರ್ಚಿಗೆ ಹಾಕುತ್ತೀರೋ, ಅರ್ಧ ದರದಲ್ಲೋ, ಹಾಕುವುದೇ ಇಲ್ಲವೋ ಎಂದು ರೆಕಾರ್ಡಿಂಗಿಗೆ ಮೊದಲೇ ಹೇಳಿ. ನಾನು ಅರ್ಧ ದರ ಹಾಕುತ್ತೇನೆ, ಗಂಟೆಗಳನ್ನು ಡೈರಿಯಲ್ಲಿ ಬರೆದು ಗಾಯಕರ ಸಹಿ ತೆಗೆಯುತ್ತೇನೆ. ಖರ್ಚಿಗೆ ಒಂದು ಮೇಲ್ಮಿತಿಯೂ ಬೇಕು: 60,000 ದಾಟಿದರೆ ಗಾಯಕರ ಒಪ್ಪಿಗೆ ಇಲ್ಲದೆ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು. ಡ್ರೋನ್ ಶಾಟ್ ಬೇಕೆಂದು ನಿಮಗೆ ಆಸೆಯಾದರೆ ಅದರ ಖರ್ಚು ನಿಮ್ಮದು.

6. ಯೂಟ್ಯೂಬ್, ಆ್ಯಪ್‌ಗಳ ದುಡ್ಡು

ಈ ದುಡ್ಡು ತಡವಾಗಿ ಬರುತ್ತದೆ, ಚೂರು ಚೂರಾಗಿ ಬರುತ್ತದೆ. ಗಾಯಕರಿಗೆ ಇದನ್ನು ಮೊದಲ ದಿನವೇ ಹೇಳದಿದ್ದರೆ ಎಲ್ಲ ಅನುಮಾನಗಳೂ ಇಲ್ಲಿಂದಲೇ ಹುಟ್ಟುತ್ತವೆ.

ನಿಮ್ಮ ಹಾಡನ್ನು ಸ್ಪಾಟಿಫೈ, ಜಿಯೋಸಾವನ್‌ನಂಥ ಆ್ಯಪ್‌ಗಳಿಗೆ ತಲುಪಿಸುವವರು ವಿತರಕರು, ಡಿಸ್ಟ್ರಿಬ್ಯೂಟರ್. ಅವರು ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಕೊಡುತ್ತಾರೆ. ಅದನ್ನು ಶೀಟಿನ ಮೊದಲ ಕಾಲಮಿನಲ್ಲಿ ಬರೆದಿಡಿ, ಎಲ್ಲ ವರದಿಗಳೂ ಅದರ ಮೇಲೇ ಬರುತ್ತವೆ. ಹಾಡು ಕೇಳಿದ ತಿಂಗಳಿಗೂ ದುಡ್ಡು ವರದಿಯಲ್ಲಿ ಕಾಣುವ ತಿಂಗಳಿಗೂ ಎರಡು ಮೂರು ತಿಂಗಳ ಅಂತರ ಸಾಮಾನ್ಯ. ನವರಾತ್ರಿಗೆ ಬಿಟ್ಟ ದೇವಿ ಸ್ತುತಿಯ ಲೆಕ್ಕವನ್ನು ದೀಪಾವಳಿಗೆ ಕೇಳಿದರೆ ಇರುವುದಿಲ್ಲ. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ಆಲ್ಬಮಿನ ಎಂಟು ಹಾಡಿನಲ್ಲಿ ಎರಡಕ್ಕೆ ಮಾತ್ರ ದುಡ್ಡು ಬಂದರೆ ನೀವು ಉಳಿದ ಆರರದ್ದನ್ನು ನುಂಗಿದ್ದೀರಿ ಎಂದು ಅರ್ಥವಲ್ಲ, ಆದರೆ ಗಾಯಕರಿಗೆ ಅದು ಗೊತ್ತಿರಬೇಕಲ್ಲ.

ಯೂಟ್ಯೂಬಿನ ಜಾಹೀರಾತು ಆದಾಯ ಆ್ಯಡ್‌ಸೆನ್ಸ್ ಎಂಬ ಗೂಗಲ್ ಖಾತೆಯ ಮೂಲಕ ಬರುತ್ತದೆ. 100 ಡಾಲರ್ ತುಂಬಿದ ಮೇಲೆ, ತಿಂಗಳ 21ರಿಂದ 26ರ ನಡುವೆ ಪಾವತಿ ಹೊರಡುತ್ತದೆ. ತುಂಬದಿದ್ದರೆ ಮುಂದಿನ ತಿಂಗಳಿಗೆ ಸೇರುತ್ತದೆ. ತೆರಿಗೆ ಮಾಹಿತಿಯ ಫಾರ್ಮ್ ತುಂಬುವುದನ್ನು ಮರೆಯಬೇಡಿ. ಅದರಲ್ಲಿ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿದರೆ ಅಮೆರಿಕದ ವೀಕ್ಷಕರಿಂದ ಬಂದ ಆದಾಯದ ಮೇಲೆ ಮಾತ್ರ 15 ಪರ್ಸೆಂಟ್ ಹೋಗುತ್ತದೆ. ಫಾರ್ಮೇ ತುಂಬದಿದ್ದರೆ ಜಗತ್ತಿನ ಎಲ್ಲ ಕಡೆಯ ಆದಾಯದ ಮೇಲೆ 24 ಪರ್ಸೆಂಟ್ ವರೆಗೆ ಮುರಿಯಬಹುದು. ನಿಮ್ಮ ಅಲಕ್ಷ್ಯದಿಂದ ಹೋದ ದುಡ್ಡನ್ನು ಗಾಯಕರ ಪಾಲಿನಿಂದ ಕಳೆಯುವುದು ನ್ಯಾಯವಲ್ಲ.

ಕೆಲವು ವಿತರಕರು ಪಾಲನ್ನು ನೇರವಾಗಿ ಪ್ರತಿಯೊಬ್ಬರ ಖಾತೆಗೆ ಹಂಚುವ ಸೌಲಭ್ಯ ಕೊಡುತ್ತಾರೆ, ಸ್ಪ್ಲಿಟ್ ಎನ್ನುತ್ತಾರೆ. ಇದ್ದರೆ ಬಳಸಿ. ದುಡ್ಡು ನಿಮ್ಮ ಕೈಗೆ ಬರದಿದ್ದರೆ ಅನುಮಾನವೂ ಬರುವುದಿಲ್ಲ. ಕೆಲವರು ವರ್ಷ ವರ್ಷ ಶುಲ್ಕ ತೆಗೆದುಕೊಳ್ಳುತ್ತಾರೆ, ಕಟ್ಟದಿದ್ದರೆ ಹಾಡು ಆ್ಯಪ್‌ನಿಂದ ಇಳಿದುಹೋಗುತ್ತದೆ. ಆ ಶುಲ್ಕ ಯಾರು ಕಟ್ಟಬೇಕೆಂದೂ ಬರೆಯಿರಿ.

ಎಡವುವ ಜಾಗ: ವಿತರಕರಲ್ಲಿ ಕಂಟೆಂಟ್ ಐಡಿ (ಹಾಡನ್ನು ಯೂಟ್ಯೂಬ್ ತಾನೇ ಗುರುತು ಹಿಡಿಯುವ ವ್ಯವಸ್ಥೆ) ಆಯ್ಕೆ ಒತ್ತಿದರೆ, ಆ ಹಾಡು ಯೂಟ್ಯೂಬಿನಲ್ಲಿ ಎಲ್ಲಿ ಕಂಡರೂ ಅದರ ಆದಾಯ ನಿಮ್ಮ ಕಡೆಗೆ ತಿರುಗುತ್ತದೆ. ನಿಮ್ಮ ಗಾಯಕಿ ತನ್ನ ಚಾನೆಲಿನಲ್ಲಿ ತಾನೇ ಹಾಡಿದ್ದನ್ನು ಹಾಕಿದರೆ ಅವರಿಗೇ ಕ್ಲೇಮ್ ಬೀಳುತ್ತದೆ. ಬೆಳಿಗ್ಗೆ ಎದ್ದು ಅಂಥ ಮೇಲ್ ನೋಡಿದವರಿಗೆ ನಿಮ್ಮ ಮೇಲೆ ಸಿಟ್ಟು ಬರದೆ ಇರುತ್ತದೆಯೇ? ಅವರ ಚಾನೆಲನ್ನು ಅನುಮತಿ ಪಟ್ಟಿಗೆ ಮೊದಲೇ ಸೇರಿಸಿಡಿ.

7. ಸಂಘಗಳಿಂದ ಬರುವ ದುಡ್ಡನ್ನು ಮುಟ್ಟಬೇಡಿ

ಹಾಡು ಬಳಸುವವರಿಂದ ರಾಯಧನ ವಸೂಲಿ ಮಾಡಿ ಸದಸ್ಯರಿಗೆ ಹಂಚುವ ಸಂಘಗಳಿವೆ. ಸಾಹಿತಿ, ಸಂಯೋಜಕರಿಗೆ 1969ರಲ್ಲಿ ಶುರುವಾದ ಐಪಿಆರ್‌ಎಸ್ ಇದೆ. ಗಾಯಕರಿಗೆ, ವಾದ್ಯದವರಿಗೆ ಇಸಾಮ್ರಾ. ಧ್ವನಿಮುದ್ರಣದ ಒಡೆಯರ ಕಡೆಯಿಂದ ಕೆಲಸ ಮಾಡುವುದು ಪಿಪಿಎಲ್. ನಿಮ್ಮ ಸಾಹಿತಿ ಐಪಿಆರ್‌ಎಸ್ ಸದಸ್ಯರಾಗಿರದಿದ್ದರೆ ಅರ್ಜಿ ಹಾಕಲು ಸಹಾಯ ಮಾಡಿ, ಆದರೆ ಬ್ಯಾಂಕ್ ಖಾತೆ ಅವರದೇ ಕೊಡಿ. ಟ್ರ್ಯಾಕ್ ಕಟ್ಟಿದ್ದಕ್ಕಾಗಿ ನಿಮ್ಮ ಹೆಸರನ್ನು ಸಂಯೋಜಕರ ಜಾಗದಲ್ಲಿ ಸೇರಿಸುವ ಆಸೆ ಕೆಲವರಿಗೆ ಬರುತ್ತದೆ. ರಾಗ ನಿಮ್ಮದಾಗಿದ್ದರೆ ಸೇರಿಸಿ. ಇಲ್ಲವಾದರೆ ಪ್ರೋಗ್ರಾಮಿಂಗಿಗೆ ಆಗಲೇ ಕೂಲಿ ತೆಗೆದುಕೊಂಡಾಗಿದೆ.

8. ತೆರಿಗೆ: ಇಷ್ಟು ಸಾಕು, ಉಳಿದದ್ದು ಆಡಿಟರಿಗೆ

ಟಿಡಿಎಸ್ ಎಂದರೆ ದುಡ್ಡು ಕೊಡುವವರೇ ತೆರಿಗೆಯ ಒಂದು ಭಾಗ ಹಿಡಿದು ಸರಕಾರಕ್ಕೆ ಕಟ್ಟುವುದು. ವೃತ್ತಿಪರ ಸಂಭಾವನೆ ಮತ್ತು ರಾಯಲ್ಟಿಗೆ 10 ಪರ್ಸೆಂಟ್, 2025ರ ಏಪ್ರಿಲ್‌ನಿಂದ ವರ್ಷಕ್ಕೆ 50,000 ದಾಟಿದರೆ ಮಾತ್ರ. ಪ್ಯಾನ್ ಕೊಡದಿದ್ದರೆ 20. ಆದರೆ ನೀವು ಒಬ್ಬ ವ್ಯಕ್ತಿಯಾಗಿ ವೃತ್ತಿ ನಡೆಸುತ್ತಿದ್ದು ಹಿಂದಿನ ವರ್ಷದ ಒಟ್ಟು ವಸೂಲಿ 50 ಲಕ್ಷ ದಾಟಿರದಿದ್ದರೆ (ವ್ಯಾಪಾರವಾದರೆ ಒಂದು ಕೋಟಿ) ಇದನ್ನು ಹಿಡಿಯುವ ಹೊಣೆ ನಿಮಗಿಲ್ಲ. ಹಿಡಿದೆವು ಎಂದು ಹೇಳಿ ಸರಕಾರಕ್ಕೆ ಕಟ್ಟದವರೂ ಇದ್ದಾರೆ. ಗಾಯಕರೇ, ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪ್ಯಾನಿನ ಮೇಲೆ ಹಿಡಿದ ತೆರಿಗೆಯ ಪಟ್ಟಿ (26ಎಎಸ್) ತೆಗೆದು ನೋಡಿ, ಹಿಡಿದದ್ದು ಅದರಲ್ಲಿ ಕಾಣಬೇಕು.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಬೇರೆಯೇ. ಮಣಿಪಾಲದ ಯಾವುದೋ ಕಂಪನಿಯ ವಾರ್ಷಿಕೋತ್ಸವಕ್ಕೆ ನೀವು ಒಂದು ಲಕ್ಷದ ಬಿಲ್ ಕೊಡುತ್ತೀರಿ, ಅವರು 10,000 ಹಿಡಿದು 90,000 ಹಾಕುತ್ತಾರೆ. ಅಷ್ಟೂ ಒಂದು ಲಕ್ಷ ನಿಮ್ಮ ಪ್ಯಾನಿನ ಮೇಲೆ ಆದಾಯವಾಗಿ ಕಾಣುತ್ತದೆ, ಗಾಯಕರಿಗೆ ಕೊಟ್ಟ 60,000ವೂ ಸೇರಿ. ಕೊಟ್ಟದ್ದಕ್ಕೆ ದಾಖಲೆ ಇಲ್ಲದಿದ್ದರೆ ಅದರ ತೆರಿಗೆಯೂ ನಿಮ್ಮ ತಲೆಗೆ. ಸುಲಭದ ದಾರಿ ಎಂದರೆ ಗಾಯಕರ ಬಿಲ್ಲು ಬೇರೆ, ನಿಮ್ಮ ಬಿಲ್ಲು ಬೇರೆ ಎಂದು ಕಂಪನಿಯವರನ್ನು ಒಪ್ಪಿಸುವುದು. ಒಪ್ಪದಿದ್ದರೆ ಗಾಯಕರಿಂದ ನಿಮ್ಮ ಹೆಸರಿಗೆ ಬಿಲ್ ತೆಗೆದುಕೊಂಡು ಖಾತೆಯ ಮೂಲಕವೇ ಪಾವತಿಸಿ. ಆ 10,000 ಟಿಡಿಎಸ್ ನಿಮ್ಮ ಹೆಸರಿನಲ್ಲಿ ಜಮಾ ಆದದ್ದು, ಅದನ್ನು ಗಾಯಕರ ಪಾಲಿನಿಂದ ಮುರಿಯಬೇಡಿ.

ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಜನಪದ ಅಥವಾ ಶಾಸ್ತ್ರೀಯ ಪ್ರಕಾರದ ಪ್ರದರ್ಶನಕ್ಕೆ ಕಲಾವಿದರ ಸಂಭಾವನೆ ಒಂದೂವರೆ ಲಕ್ಷದ ಒಳಗಿದ್ದರೆ ಜಿಎಸ್‌ಟಿ ವಿನಾಯಿತಿ ಉಂಟು. ಸಿನಿಮಾ ಹಾಡಿನ ರಸಮಂಜರಿ ಇದರಲ್ಲಿ ಬರುವುದಿಲ್ಲ. ಇನ್ನು 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ನಂಬರುಗಳು ಬದಲಾಗಿವೆ. ಹಳೆಯ ನಂಬರು ಇರುವ ಬಿಲ್ ನಮೂನೆಗಳನ್ನು ಆಡಿಟರಿಗೆ ತೋರಿಸಿ ಸರಿಮಾಡಿಸಿ.

9. ಲೆಕ್ಕ ಕೊಡುವ ತಾರೀಕು

ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಮುಗಿಯುತ್ತದೆ, ನೇಮ ಕೋಲಗಳೂ ಅಲ್ಲಿಗೆ ನಿಲ್ಲುತ್ತವೆ. ಸ್ಟೇಜಿನವರಿಗೂ ಆಮೇಲೆ ಮಳೆಗಾಲ, ಕೈ ಖಾಲಿ. ಹಾಗಾಗಿ ನಮ್ಮೂರಿಗೆ ಜನವರಿ-ಜೂನ್ ಎಂಬ ಅರ್ಧವರ್ಷಕ್ಕಿಂತ ಪತ್ತನಾಜೆ ಮತ್ತು ದೀಪಾವಳಿಯೇ ಒಳ್ಳೆಯ ಲೆಕ್ಕದ ದಿನಗಳು. ಒಂದು ಸೀಸನ್ನಿನ ಕೊನೆ, ಇನ್ನೊಂದು ಅಂಗಡಿಯವರೂ ಹೊಸ ಪುಸ್ತಕ ಪೂಜೆ ಮಾಡುವ ದಿನ. ಸ್ಟೇಜ್ ದುಡ್ಡನ್ನು ಮಾತ್ರ ಅಷ್ಟು ದಿನ ಇಟ್ಟುಕೊಳ್ಳಬೇಡಿ, ಕಮಿಟಿ ಕೊಟ್ಟ ಏಳು ದಿನದೊಳಗೆ ಮುಗಿಸಿ.

ಸ್ಟೇಟ್‌ಮೆಂಟ್ ಹೀಗಿದ್ದರೆ ಸಾಕು:

ಹಾಡು: ದೇವಿ ಸ್ತುತಿ, ತುಳು. ಅವಧಿ: ಜೂನ್‌ನಿಂದ ಅಕ್ಟೋಬರ್.
ಯೂಟ್ಯೂಬ್ 9,400
ಆಡಿಯೋ ಆ್ಯಪ್‌ಗಳು 3,150
ವಿಡಿಯೋ ಪ್ರಾಯೋಜಕರು 10,000
ಒಟ್ಟು 22,550
ಹಿಂದಿನಿಂದ ವಸೂಲಾಗಬೇಕಿದ್ದ ಖರ್ಚು 18,200
ಉಳಿದದ್ದು 4,350
ನಿಮ್ಮ ಪಾಲು 50 ಪರ್ಸೆಂಟ್: 2,175

ಜೊತೆಗೆ ಆ್ಯಡ್‌ಸೆನ್ಸ್ ಮತ್ತು ವಿತರಕರ ವರದಿಯ ಪಿಡಿಎಫ್. ಸ್ಕ್ರೀನ್‌ಶಾಟ್ ಬೇಡ, ಅದನ್ನು ಯಾರು ಬೇಕಾದರೂ ಕತ್ತರಿಸಬಹುದು. ವಿಡಿಯೋದ ಕೆಳಗೆ ಬಟ್ಟೆ ಅಂಗಡಿಯ ಹೆಸರು ಹಾಕಿ ತೆಗೆದುಕೊಂಡ ಪ್ರಾಯೋಜಕರ ದುಡ್ಡನ್ನು ಹೆಚ್ಚಿನವರು ಲೆಕ್ಕಕ್ಕೇ ತರುವುದಿಲ್ಲ. ಗಾಯಕರ ಮುಖ ಇರುವ ವಿಡಿಯೋ ಅದು, ತನ್ನಿ.

ಆದಾಯ ಇಲ್ಲದಿದ್ದರೂ ಸ್ಟೇಟ್‌ಮೆಂಟ್ ಹೋಗಲೇಬೇಕು. ಇದರಲ್ಲಿ ತಪ್ಪಿದವನು ನಾನು. ಒಬ್ಬ ಗಾಯಕಿಯ ಹಾಡಿಗೆ ಒಂದು ವರ್ಷದಲ್ಲಿ ಬಂದದ್ದು 212 ರೂಪಾಯಿ. ಅದನ್ನು ಹೇಗೆ ಬರೆದು ಕಳಿಸುವುದು ಎಂದು ನಾಚಿಕೆಯಾಗಿ ಸುಮ್ಮನಿದ್ದೆ. ಅವರು ನನ್ನ ಹತ್ತಿರ ಲಕ್ಷ ಇದೆ ಎಂದುಕೊಂಡಿದ್ದರು.

10. ಬೇರೆಯಾಗುವಾಗ

ಕರಾರು ಮುಗಿದ ಮೇಲೂ ಹಳೆಯ ಹಾಡುಗಳ ಪಾಲು ನಿಲ್ಲುವುದಿಲ್ಲ, ಸ್ಟೇಟ್‌ಮೆಂಟ್ ಹೋಗುತ್ತಲೇ ಇರಬೇಕು. ಗಾಯಕರ ಹೆಸರಿನ ಚಾನೆಲ್, ಫೇಸ್‌ಬುಕ್ ಪುಟ, ಪಾಸ್‌ವರ್ಡ್ ಅವರಿಗೆ ಬಿಟ್ಟುಕೊಡಿ. ನಿಮ್ಮ ಬ್ಯಾನರಿನ ಚಾನೆಲ್ ನಿಮ್ಮದು. ಬೇರೆಯಾದ ಮೇಲೆ ಬರುವ ಕಾರ್ಯಕ್ರಮಗಳಲ್ಲಿ ನೀವೇ ಮಾತಾಡಿ ಮುಗಿಸಿದ್ದವಕ್ಕೆ ಮಾತ್ರ ಕಮಿಷನ್ ಎಂದು ಮೊದಲೇ ಬರೆದಿದ್ದರೆ ಒಳ್ಳೆಯದು.

"ನನ್ನನ್ನು ಬಿಟ್ಟರೆ ಐದು ವರ್ಷ ಬೇರೆ ಯಾರಿಗೂ ಹಾಡುವಂತಿಲ್ಲ" ಎಂಬ ಷರತ್ತು ಎಷ್ಟೋ ಕರಾರುಗಳಲ್ಲಿ ಕಾಣುತ್ತದೆ. ಕರಾರು ಮುಗಿದ ಮೇಲೆ ಒಬ್ಬರ ದುಡಿಮೆಗೆ ತಡೆಹಾಕುವ ಇಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ವ್ಯವಹಾರ ನೋಡುತ್ತಿದ್ದ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿದೆ. ಕರಾರು ಚಾಲ್ತಿಯಲ್ಲಿರುವಾಗಿನ ಮಾತು ಬೇರೆ.

ಬಾಕಿ ಬರಬೇಕಾದವರು ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೋರ್ಟಿನಲ್ಲಿ ದಾವೆ ಹಾಕಬೇಕು, ಅದು ಕಾಲಮಿತಿ. ಅದಕ್ಕೆ ಮೊದಲು ಬಾಯಿಯಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ, ಸ್ಪೀಡ್ ಪೋಸ್ಟ್ ಅಥವಾ ಇಮೇಲ್ ಹಾಕಿ. ಕೊಟ್ಟ ಚೆಕ್ ವಾಪಸು ಬಂದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸು ಹೋಗಬೇಕು, ತಡವಾದರೆ ಕೇಸಿಗೆ ಬಲ ಇರುವುದಿಲ್ಲ. ಸಣ್ಣ ಮೊತ್ತಕ್ಕೆ ಕೋರ್ಟು ಹತ್ತುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಮಂಗಳೂರು, ಉಡುಪಿ ಎರಡರಲ್ಲೂ ಇದೆ. ಲೋಕ ಅದಾಲತಿನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಕೋರ್ಟು ಫೀಸಿಲ್ಲ.

ಕೊನೆಗೆ ಕರಾರಿನ ಕೆಳಗೆ ಒಂದು ಸಾಲು: ಗಾಯಕರು, ಸಾಹಿತಿ ತೀರಿಕೊಂಡರೆ ಪಾಲು ಯಾರಿಗೆ ಹೋಗಬೇಕು, ಅವರ ಹೆಸರು ಮತ್ತು ಫೋನ್ ನಂಬರು. ಹಕ್ಕು ಅವರ ನಂತರವೂ ದಶಕಗಟ್ಟಲೆ ಇರುತ್ತದೆ, ನಂಬರು ಬದಲಾಗುತ್ತದೆ. ಪ್ರತಿ ದೀಪಾವಳಿಯ ಸ್ಟೇಟ್‌ಮೆಂಟ್ ಕಳಿಸುವಾಗ ಅದನ್ನೂ ಒಮ್ಮೆ ಕೇಳಿ ತಿದ್ದಿಕೊಳ್ಳಿ.